ಎಚ್ಚರದ ತೊಂದರೆ ಮತ್ತು ಪ್ರವೇಶ ಪರೀಕ್ಷೆಯ ವೇಳಾಪಟ್ಟಿ

ಹರಿಹರ ತಾಲ್ಲೂಕಿನ ಸಾರಥಿಯಂಥ ಊರಿನಿಂದ ದಾವಣಗೆರೆಗೆ ಪಿಯು ಓದಲು ಬಸ್ಸಿನಲ್ಲಿ ಬಂದುಹೋಗುವ ಹುಡುಗ ದಿನವೂ ತರಗತಿಯಲ್ಲಿ ತೂಕಡಿಸಿದರೆ, ರಾತ್ರಿಯೆಲ್ಲ ಮೊಬೈಲ್ ನೋಡಿದ್ದಾನೆ ಎನ್ನುತ್ತಾರೆ, ಇಲ್ಲವೇ ಸೋಮಾರಿ ಎನ್ನುತ್ತಾರೆ. ಅನೇಕರ ಮಟ್ಟಿಗೆ ನಿದ್ದೆಗೇಡೇ ಕಾರಣವೆಂಬುದು ನಿಜ. ಹರೆಯದಲ್ಲಿ ನಿದ್ದೆ ಬರುವ ಹೊತ್ತೇ ತಡವಾಗುತ್ತದೆ. ನಸುಕಿನ ನಾಲ್ಕಕ್ಕೆ ಎಬ್ಬಿಸಿ ಓದಿಸುವ ನಮ್ಮ ರೂಢಿ ಅದಕ್ಕೆ ಹೊಂದುವುದಿಲ್ಲ. ಈ ಟಿಪ್ಪಣಿ ಮಾತ್ರ ಬೇಕಾದಷ್ಟು ಮಲಗಿಯೂ ಎಚ್ಚರ ನಿಲ್ಲದವರನ್ನು, ಎಂದರೆ ನಾರ್ಕೊಲೆಪ್ಸಿ ಇರುವವರನ್ನು ಕುರಿತದ್ದು.

ಸುಮಾರು 2,000 ಜನರಲ್ಲಿ ಒಬ್ಬರಿಗೆ ಬರುವ ಈ ಕಾಯಿಲೆ ಹೆಚ್ಚಾಗಿ ಹದಿಹರೆಯದಲ್ಲೇ ಕಾಣಿಸಿಕೊಳ್ಳುತ್ತದೆ. ಎಚ್ಚರವನ್ನು ಹಿಡಿದಿಡುವ ಒರೆಕ್ಸಿನ್ ಎಂಬ ರಾಸಾಯನಿಕವನ್ನು ವಿಜ್ಞಾನಿಗಳು ಗುರುತಿಸಿದ್ದು 1998ರಲ್ಲಿ. ಅದನ್ನು ತಯಾರಿಸುವ ಮಿದುಳಿನ ಕೋಶಗಳು ಹಲವು ರೋಗಿಗಳಲ್ಲಿ ನಶಿಸಿರುತ್ತವೆ ಎಂದು ತಿಳಿದದ್ದು 2000ದಲ್ಲಿ. ಹಟ ಹಿಡಿದು ಕೂತರೆ ಹೋಗುವ ನಿದ್ದೆ ಇದಲ್ಲ.

ರೋಗ ಪತ್ತೆಯಲ್ಲೇ ಒಂದು ತೊಡಕಿದೆ. ರಾತ್ರಿಯ ನಿದ್ದೆಯನ್ನು ಯಂತ್ರದಲ್ಲಿ ದಾಖಲಿಸಿ, ಮರುದಿನ ಎರಡೆರಡು ಗಂಟೆಗೊಮ್ಮೆ, ಒಟ್ಟು ಐದು ಸಲ, 20 ನಿಮಿಷ ಮಲಗಲು ಬಿಟ್ಟು ನೋಡುತ್ತಾರೆ. ಸರಾಸರಿ 8 ನಿಮಿಷದೊಳಗೆ ನಿದ್ದೆ ಹತ್ತಿ, ಕನಸಿನ ನಿದ್ದೆ ಬೇಗನೆ ಎರಡು ಸಲವಾದರೂ ಬಂದರೆ ಅನುಮಾನ ಗಟ್ಟಿಯಾಗುತ್ತದೆ. ಆದರೆ ವಾರಗಟ್ಟಲೆ ನಿದ್ದೆಗೆಟ್ಟು ಓದಿದ ಆರೋಗ್ಯವಂತನೂ ಬೇಗ ಮಲಗಿಬಿಡುತ್ತಾನೆ. ಹಾಗಾಗಿ ಮಾರ್ಚ್‌ನಲ್ಲಿ, ಪರೀಕ್ಷೆಯ ಬಿಸಿಯಲ್ಲಿ ಮಾಡಿಸಿದ ತಪಾಸಣೆ ದಾರಿ ತಪ್ಪಿಸಬಹುದು. ಪ್ರಥಮ ಪಿಯು ಮುಗಿದ ರಜೆಯಲ್ಲೋ ದಸರಾ ರಜೆಯಲ್ಲೋ, ಎರಡು ವಾರ ಸರಿಯಾಗಿ ಮಲಗಿ, ನಿಮ್ಹಾನ್ಸ್‌ನಂಥ ಕಡೆ ತೋರಿಸುವುದು ಮೇಲು. ಮೊಡಾಫಿನಿಲ್‌ನಂಥ ಮಾತ್ರೆಯ ಪ್ರಮಾಣ ವೈದ್ಯರ ಕೈಯಲ್ಲಿ ಹದಕ್ಕೆ ಬರಲೂ ಸಮಯ ಸಿಗುತ್ತದೆ.

ಇನ್ನು ವೇಳಾಪಟ್ಟಿ. 2025ರ ಏಪ್ರಿಲ್ 16 ಮತ್ತು 17ರಂದು ನಡೆದ ಸಿಇಟಿಯಲ್ಲಿ ಬೆಳಿಗ್ಗೆ 10.30ಕ್ಕೆ ಒಂದು, ಮಧ್ಯಾಹ್ನ 2.30ಕ್ಕೆ ಇನ್ನೊಂದು ಪತ್ರಿಕೆ. ಒಂದೊಂದೂ 80 ನಿಮಿಷ. ನಡುವಿನ ಬಿಡುವಿನಲ್ಲಿ ಕೇಂದ್ರದ ಹತ್ತಿರ ಮಲಗಲು ಜಾಗವಿದ್ದರೆ ಕಾಲು ಗಂಟೆಯ ನಿದ್ದೆ ಸಾಧ್ಯ, ಮತ್ತು ಈ ಕಾಯಿಲೆಯಲ್ಲಿ ಅಷ್ಟು ನಿದ್ದೆಯೂ ಕೆಲ ಹೊತ್ತಿನ ಚುರುಕು ಕೊಡುತ್ತದೆ. ಅದೇ ವರ್ಷದ ಮೇ 4ರ ನೀಟ್ ಹಾಗಿರಲಿಲ್ಲ. 1.30ಕ್ಕೆ ಗೇಟು ಮುಚ್ಚಿ, 2ರಿಂದ 5ರವರೆಗೆ ಒಂದೇ ಬೈಠಕ್ಕಿನಲ್ಲಿ 180 ಪ್ರಶ್ನೆ. ಮಧ್ಯಾಹ್ನದ ಜೋಂಪು ಊಟ ಬಿಟ್ಟರೂ ಬರುತ್ತದೆ, ಅದು ದೇಹದ ಲಯದಲ್ಲೇ ಇದೆ. ದಾವಣಗೆರೆಯ ಮೇ ತಿಂಗಳ ಸೆಕೆ ಬೇರೆ. ಒಳಗೆ ಹೋದ ಮೇಲೆ ನಾರ್ಕೊಲೆಪ್ಸಿಯ ವಿದ್ಯಾರ್ಥಿಗೆ ತಲೆ ಊರಲು ಸ್ಥಳವಿಲ್ಲ. ಸಾಮಾನ್ಯರಿಗೆ ಬರೀ ಅನನುಕೂಲವಾದ ಈ ಹೊತ್ತು ಅವನಿಗೆ ತಡೆಗೋಡೆಯೇ ಸರಿ.

ಕಾನೂನು ಇಲ್ಲಿ ಅರ್ಧ ದಾರಿ ಬಂದಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಅಡಿಯಲ್ಲಿ ಪರೀಕ್ಷಾ ಸೌಲಭ್ಯ ಪಡೆಯಲು ಶೇ 40ರ ವೈಕಲ್ಯ ಕಡ್ಡಾಯವಲ್ಲ ಎಂದು ಸುಪ್ರೀಂ ಕೋರ್ಟ್ 2021ರ ಫೆಬ್ರುವರಿಯಲ್ಲಿ ವಿಕಾಸ್ ಕುಮಾರ್ ಪ್ರಕರಣದಲ್ಲಿ ಹೇಳಿತು. ಅದೇ ವರ್ಷದ ನವೆಂಬರಿನ ಅವನಿ ಪ್ರಕಾಶ್ ಪ್ರಕರಣ ನೀಟ್‌ಗೇ ಸಂಬಂಧಿಸಿದ್ದು. ಆದರೆ ಮೊದಲನೆಯದರಲ್ಲಿ ಬರೆಯುವ ಕೈಯ ಸೆಳೆತ, ಎರಡನೆಯದರಲ್ಲಿ ಬರವಣಿಗೆಯ ದೋಷ: ಎರಡೂ ಬರೆಯುವ ಕಷ್ಟದವು. ಗಂಟೆಗೆ 20 ನಿಮಿಷದ ಹೆಚ್ಚುವರಿ ಸಮಯವೂ ಆ ಕಷ್ಟಕ್ಕೇ ಒಪ್ಪುತ್ತದೆ. ಎಚ್ಚರ ನಿಲ್ಲದವನಿಗೆ ಅದರಿಂದ ಮೂರು ಗಂಟೆಯ ಬೈಠಕ್ಕು ನಾಲ್ಕು ಗಂಟೆಯಾಗುತ್ತದಷ್ಟೆ. ಬ್ರಿಟನ್ನಿನ ಶಾಲಾ ಪರೀಕ್ಷೆಗಳಲ್ಲಿ ಅಗತ್ಯವಿರುವವರಿಗೆ ಮೇಲ್ವಿಚಾರಕರ ಎದುರೇ ವಿರಾಮ ಕೊಟ್ಟು, ಆ ಹೊತ್ತನ್ನು ಲೆಕ್ಕದಿಂದ ಬಿಡುವ ಪದ್ಧತಿಯಿದೆ. ನಮ್ಮ ವಿದ್ಯಾರ್ಥಿ ನಿದ್ರಾತಜ್ಞರ ಪತ್ರವನ್ನು ಮುಂದಿಟ್ಟು ಕೇಳಬೇಕಾದದ್ದು ಅಂಥ ವಿರಾಮವನ್ನೇ, ಅದೂ ಪ್ರವೇಶಪತ್ರ ಬರುವವರೆಗೆ ಕಾಯದೆ, ಅರ್ಜಿ ತುಂಬುವಾಗಲೇ.