ಸೀನ್ ನದಿಯ ಮಂಜುಗಡ್ಡೆಗಳು

ಕ್ಲೋದ್ ಮೊನೆ ಅಂದ್ರೆ ನನಗೆ ತಾವರೆ ಕೊಳ, ಹುಲ್ಲಿನ ಬಣವೆ ಅಷ್ಟೇ ಆಗಿತ್ತು. ಹೋದ ವಾರ ರಾತ್ರಿ ಬಿಲ್ಡ್ ಮುಗಿಯಲೆಂದು ಕಾಯುತ್ತಾ ಕೂತಾಗ ಕಣ್ಣಿಗೆ ಬಿದ್ದದ್ದು ಬೇರೆಯದೇ ಚಿತ್ರ.

1879ರ ಸೆಪ್ಟೆಂಬರ್‌ನಲ್ಲಿ, ಸೀನ್ ದಡದ ವೆತೈ ಹಳ್ಳಿಯಲ್ಲಿ, ಅವನ ಹೆಂಡತಿ ಕಮೀಯ್ ತೀರಿಕೊಂಡಳು. ಬರೀ 32 ವರ್ಷ. ಆ ಮುಖದ ಮೇಲೆ ನೀಲಿ, ಹಳದಿ, ಬೂದು ಬಣ್ಣಗಳು ಬದಲಾಗೋದನ್ನ ತನಗರಿವಿಲ್ಲದೇ ಗಮನಿಸ್ತಾ ಇದ್ದೆ ಅಂತ ಎಷ್ಟೋ ವರ್ಷಗಳ ನಂತರ ಗೆಳೆಯ ಕ್ಲೆಮಾನ್ಸೋ ಹತ್ತಿರ ಹೇಳಿಕೊಂಡನಂತೆ. (ಓದಿ ನನಗೆ ಸಿಟ್ಟೇ ಬಂತು.)

ಆ ಚಳಿಗಾಲ ನದಿ ಹೆಪ್ಪುಗಟ್ಟಿತು. 1880ರ ಜನವರಿಯಲ್ಲಿ ಮಂಜು ಒಡೆದು ತೇಲತೊಡಗಿದಾಗ ಅದನ್ನೇ ಮತ್ತೆ ಮತ್ತೆ ಬರೆದ. ಅಳುವವರು ಯಾರೂ ಇಲ್ಲ; ತಿಳಿನೀಲಿ, ಮಾಸಲು ಗುಲಾಬಿ, ನೀರಲ್ಲಿ ಮರಗಳ ಬಿಂಬ. ಸಿಟ್ಟು ಅಲ್ಲೇ ಇಳಿಯಿತು.

ಆ ವರ್ಷ ಪ್ಯಾರಿಸ್ಸಿನ ಸಲೋನ್ 'ಮಂಜುಗಡ್ಡೆಗಳು' ಚಿತ್ರವನ್ನು ವಾಪಸ್ ಕಳಿಸಿ, ಜೊತೆಗಿದ್ದ ಸಾಧು ಸ್ವಭಾವದ 'ಲಾವಕೂರ್' ಚಿತ್ರವನ್ನು ಒಪ್ಪಿಕೊಂಡಿತು! ನೀವೂ ನೋಡಿ ಹೇಳಿ, ಅದು ಬೆಳಗಿನ ಬೆಳಕಾ, ಸಂಜೆಯದಾ?