ಎಲ್ಲಾ ಉಣುಗೂ ಒಂದೇ ಅಲ್ಲ

ಹೋದ ಬೇಸಿಗೆಯಲ್ಲಿ ಊರಿಗೆ (ಸಾಗರದ ಹತ್ತಿರ) ಹೋಗಿದ್ದೆ. ಅಮ್ಮ ಬೆಟ್ಟಕ್ಕೆ ದರಕು ತರಲು ಹೊರಟಿದ್ದಳು. "ಎಣ್ಣೆ ಹಚ್ಕೊಂಡ್ಯೇನೇ?" ಅಂದೆ. "ಹುಟ್ಟಿದಾಗಿಂದ ಕೊಟ್ಟಿಗೇಲಿ ಉಣುಗು ನೋಡ್ತಾ ಬಂದಿದೀನಿ, ಅದೇನು ಮಾಡತ್ತೆ?" ಅಂದಳು. ಇಂಜಿನಿಯರಿಂಗ್ ಓದಿದ ನನಗೆ ಉತ್ತರ ಗೊತ್ತಿರಲಿಲ್ಲ. ಆಮೇಲೆ ಹುಡುಕಿ ಓದಿದ್ದು ಇದು.

1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಹಿಂದೆಯೇ ಜನರಿಗೂ ಜ್ವರ. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರಿಗೆ ಮೊದಲು ಬಂದ ಅನುಮಾನ ಹಳದಿ ಜ್ವರದ್ದು. ಹಾಗಾಗಿದ್ದರೆ ಸೊಳ್ಳೆ ಹಿಡಿಯಬೇಕಿತ್ತು. ಆದರೆ ಸಿಕ್ಕ ವೈರಸ್ ರಷ್ಯಾದ ಕಾಡುಗಳ ಉಣುಗಿನಿಂದ ಹರಡುವ ಮಿದುಳುಜ್ವರದ ನೆಂಟ! ಹುಡುಕಾಟ ಉಣುಗಿನ ಕಡೆ ತಿರುಗಿತು. ಸಿಕ್ಕಿದ್ದು ಹೀಮಾಫೈಸಾಲಿಸ್ ಸ್ಪಿನಿಜೆರಾ.

ಹೀಮಾಫೈಸಾಲಿಸ್ ಅನ್ನೋ ಕುಲಕ್ಕೆ 1844ರಲ್ಲಿ ಹೆಸರಿಟ್ಟವನು ಜರ್ಮನಿಯ ಕಾಖ್. ಗ್ರೀಕ್‌ನಲ್ಲಿ 'ರಕ್ತದ ಗುಳ್ಳೆ' ಅಂತ ಅರ್ಥ. ಸ್ಪಿನಿಜೆರಾ, ಅಂದರೆ ಮುಳ್ಳು ಹೊತ್ತದ್ದು, 1897ರಲ್ಲಿ ನ್ಯೂಮನ್ ಕೊಟ್ಟ ಹೆಸರು. ನಮ್ಮ ಕ್ಯಾಸನೂರಿನ ಹೆಸರನ್ನೇ ಹೊತ್ತ ಇನ್ನೊಂದು ಜಾತಿಯೂ ಇದೆ: ಹೀಮಾಫೈಸಾಲಿಸ್ ಕ್ಯಾಸನೂರೆನ್ಸಿಸ್, 1964ರದ್ದು.

ಗುರುತು ಹಿಡಿಯೋದು ಹೇಗೆ? ಈ ಕುಲದ ಉಣುಗಿಗೆ ಕಣ್ಣಿಲ್ಲ. ಮುಂಗಾಲಿನ ತುದಿಯಲ್ಲಿರುವ ಒಂದು ಅಂಗದಿಂದ ಉಸಿರು, ವಾಸನೆ ತಿಳಿಯುತ್ತದೆ. ಬಾಯಿಯ ಎರಡೂ ಬದಿಯ ಸ್ಪರ್ಶಾಂಗಗಳು ಗಿಡ್ಡ; ಅವುಗಳ ಎರಡನೇ ಗೆಣ್ಣು ಹೊರಕ್ಕೆ ಚಾಚಿರುತ್ತದೆ. ಬೆನ್ನ ಮೇಲೆ ಬಣ್ಣದ ಚಿತ್ತಾರ ಇಲ್ಲ. ಹಿಂಬದಿಯ ಅಂಚಿನಲ್ಲಿ ಮಾತ್ರ ಸಾಲಾಗಿ ಮಡಿಕೆಗಳು. ಕೊಟ್ಟಿಗೆಯಲ್ಲಿ ಸಾಮಾನ್ಯವಾಗಿ ಕಾಣುವ ದನದ ಉಣುಗಿಗೆ ಕಣ್ಣಿದೆ, ಮಡಿಕೆಗಳಿಲ್ಲ.

ದೊಡ್ಡ ವ್ಯತ್ಯಾಸ ಬದುಕುವ ರೀತಿಯದ್ದು. ಆ ದನದ ಉಣುಗು ಮರಿಯಿಂದ ಮುದಿತನದವರೆಗೂ ಒಂದೇ ದನದ ಮೇಲಿರುತ್ತದೆ. ಸ್ಪಿನಿಜೆರಾ ಹಾಗಲ್ಲ. ಆರು ಕಾಲಿನ ಮರಿ ಒಂದು ಪ್ರಾಣಿಯ ರಕ್ತ ಹೀರಿ ಉದುರುತ್ತದೆ, ಪೊರೆ ಬಿಟ್ಟು ಎಂಟು ಕಾಲಿನದಾಗಿ ಇನ್ನೊಂದನ್ನು ಹಿಡಿಯುತ್ತದೆ, ಬಲಿತ ಮೇಲೆ ಮೂರನೆಯದನ್ನು. ಮರಿಯಾಗಿದ್ದಾಗ ಹೀರಿದ ವೈರಸ್ ಪೊರೆ ಬಿಟ್ಟರೂ ಹೋಗುವುದಿಲ್ಲ. ಮನುಷ್ಯರನ್ನು ಹೆಚ್ಚಾಗಿ ಕಚ್ಚುವುದು ಈ ನಡುವಯಸ್ಸಿನದು, ರಾಗಿಕಾಳಿನಷ್ಟೂ ಇಲ್ಲದ್ದು. ಅದು ಹೆಚ್ಚುವುದು ಡಿಸೆಂಬರ್‌ನಿಂದ ಮೇ ತನಕ, ಅಂದರೆ ನಾವು ದರಕು ಗುಡಿಸುವ ಕಾಲದಲ್ಲೇ! ಬಲಿತವು ದನಗಳ ರಕ್ತ ಹೀರಿ ಕಾಡಿನಲ್ಲಿ ಉದುರಿ ಮೊಟ್ಟೆಯಿಡುತ್ತವೆ. ದನಕ್ಕೆ ಕಾಯಿಲೆ ಇಲ್ಲ, ಉಣುಗಿಗೆ ಮಾತ್ರ ಊಟ.

ಸೊರಬದಲ್ಲಿ ಶುರುವಾದ ಮಂಗನ ಕಾಯಿಲೆ ಸಾಗರ, ಹೊಸನಗರ, ತೀರ್ಥಹಳ್ಳಿಗಳಿಗೂ ಬಂತು. 2018ರ ಕೊನೆಯಿಂದ ಅರಳಗೋಡಿನ ಸುತ್ತ ಹಲವರು ಸತ್ತರು. ಇದಕ್ಕೆಂದೇ ಔಷಧಿ ಇಲ್ಲ. 1990ರಿಂದ ಕೊಡುತ್ತಿದ್ದ ಲಸಿಕೆಯೂ 2022ರಲ್ಲಿ ನಿಂತುಹೋಯಿತು.

ಇದನ್ನೆಲ್ಲ ಅಮ್ಮನಿಗೆ ಫೋನಿನಲ್ಲಿ ಹೇಳಿದೆ. ಪೂರ್ತಿ ಕೇಳಿ, "ಸರಿ, ಎಣ್ಣೆ ಹಚ್ಕೋತೀನಿ. ಹೋಗಬೇಡ ಅಂತ ಮಾತ್ರ ಹೇಳಬೇಡ, ದರಕು ಯಾರು ತರ್ತಾರೆ?" ಅಂದಳು. ಬೆಂಗಳೂರಿನಲ್ಲಿ ಕೂತ ನನ್ನ ಹತ್ತಿರ ಇದಕ್ಕೂ ಉತ್ತರ ಇರಲಿಲ್ಲ.

ನಿಮ್ಮ ಕಡೆ ಉಣುಗಿಗೆ ಏನಂತಾರೆ?