ಹೈದರಾಬಾದ್ ಸ್ವತಂತ್ರ ರಾಷ್ಟ್ರದ ವಾದ (1947–48)

ಬ್ರಿಟಿಷರು ಭಾರತ ಬಿಟ್ಟು ಹೋಗುವಾಗ, ಭಾರತದೊಂದಿಗೆ ಅಂತಿಮ ಒಪ್ಪಂದಕ್ಕೆ ಬಾರದೆಯೇ ತನ್ನದು ಸ್ವತಂತ್ರ ರಾಷ್ಟ್ರವೆಂದು ಹೈದರಾಬಾದಿನ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಹೂಡಿದ ವಾದ. ಈ ವಾದ 1948ರ ಸೆಪ್ಟೆಂಬರಿನಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯವರೆಗೂ ಹೋಯಿತು. ಇಂದಿನ ಯಾದಗಿರಿ ಜಿಲ್ಲೆಯ ಯಾದಗಿರಿ, ಶಹಾಪುರ, ಸುರಪುರ ಆಗ ಈ ರಾಜ್ಯದ ಗುಲಬರ್ಗಾ ಜಿಲ್ಲೆಯಲ್ಲಿದ್ದವು. ಮಾತುಕತೆ ಮುಗಿಯುವ ಮೊದಲೇ ಒಂದು ನಾಡನ್ನು ರಾಷ್ಟ್ರವೆಂದು ಒಪ್ಪಬಹುದೇ ಎಂದು ಪ್ಯಾಲೆಸ್ತೀನಿನ ವಿಷಯದಲ್ಲಿ ಇಂದು ಕೇಳುವ ಪ್ರಶ್ನೆ ಕನ್ನಡ ನೆಲಕ್ಕೆ ಹೊಸದಲ್ಲ.

ಸುರಪುರದ ಹಿನ್ನೆಲೆ: ನಿಜಾಮನ ಹಕ್ಕನ್ನು ತೂಗುವವರು ಸುರಪುರದಿಂದ ಆರಂಭಿಸುವುದು ಒಳ್ಳೆಯದು. ಬೇಡ ನಾಯಕರ ಈ ಸಂಸ್ಥಾನ 1705ರಲ್ಲಿ ವಾಗಿನಗೇರಾ ಕೋಟೆಯಲ್ಲಿ ಔರಂಗಜೇಬನ ಸೈನ್ಯವನ್ನೇ ತಡೆದು ನಿಲ್ಲಿಸಿತ್ತು. ಮುಂದೆ ಅದು ನಿಜಾಮನಿಗೆ ಕಪ್ಪ ಕೊಡಬೇಕಾಗಿ ಬಂದರೂ ಆಳ್ವಿಕೆ ನಾಯಕರ ಕೈಯಲ್ಲೇ ಉಳಿಯಿತು. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ರಾಜಾ ವೆಂಕಟಪ್ಪ ನಾಯಕ ಇನ್ನೂ ಬಾಲಕನಾಗಿದ್ದಾಗ ಮೆಡೋಸ್ ಟೇಲರ್ ಬ್ರಿಟಿಷರ ಪರವಾಗಿ ಇಲ್ಲಿನ ಆಡಳಿತ ನೋಡಿಕೊಂಡು, 1853ರಲ್ಲಿ ಅದನ್ನು ಪ್ರಾಯಕ್ಕೆ ಬಂದ ರಾಜನಿಗೆ ಒಪ್ಪಿಸಿದ. 1858ರ ಫೆಬ್ರವರಿಯಲ್ಲಿ ರಾಜ ಬ್ರಿಟಿಷರ ಮೇಲೆ ತಿರುಗಿಬಿದ್ದ. ಸೋತು ಹೈದರಾಬಾದಿಗೆ ಹೋದವನನ್ನು ದಿವಾನ ಸಾಲಾರ್ ಜಂಗ್ ಹಿಡಿದು ಬ್ರಿಟಿಷರಿಗೆ ಕೊಟ್ಟ. ಸೆರೆಯಲ್ಲಿದ್ದಾಗಲೇ ಗುಂಡೇಟಿನಿಂದ ರಾಜನ ಸಾವಾಯಿತು. 1860ರ ಒಪ್ಪಂದದಲ್ಲಿ ಬ್ರಿಟಿಷರು ನಿಜಾಮನ ನಿಷ್ಠೆಗೆ ಮೆಚ್ಚಿ ರಾಯಚೂರು ದೋಆಬನ್ನು ಮರಳಿಸಿದರು, ಸುಮಾರು 50 ಲಕ್ಷ ರೂಪಾಯಿ ಸಾಲವನ್ನು ಮನ್ನಾ ಮಾಡಿದರು, ಸುರಪುರವನ್ನೂ ಅವನಿಗೇ ಕೊಟ್ಟರು. 1947ರಲ್ಲಿ ನಿಜಾಮ ತನ್ನ ಅಖಂಡ ಸಾರ್ವಭೌಮತ್ವದ ಮಾತಾಡಿದಾಗ ಅದರೊಳಗೆ ಸುರಪುರವೂ ಸೇರಿತ್ತು. ಅದು ಅವನಿಗೆ ಬ್ರಿಟಿಷರಿಂದ ಬಂದ ಬಹುಮಾನ ಎಂಬುದನ್ನು ಅವನ ವಕೀಲರು ಒತ್ತಿ ಹೇಳಲಿಲ್ಲ.

ವಾದದ ಬುಡ: ಭಾರತ ಸ್ವಾತಂತ್ರ್ಯ ಕಾಯಿದೆಯ ಪ್ರಕಾರ ಸಂಸ್ಥಾನಗಳ ಮೇಲಿನ ಬ್ರಿಟಿಷ್ ಪರಮಾಧಿಪತ್ಯ 1947ರ ಆಗಸ್ಟ್ 15ಕ್ಕೆ ಕೊನೆಗೊಂಡಿತು. ಅದು ಭಾರತಕ್ಕಾಗಲಿ ಪಾಕಿಸ್ತಾನಕ್ಕಾಗಲಿ ವರ್ಗವಾಗಲಿಲ್ಲ, ಆದ್ದರಿಂದ ತಾನು ಸ್ವತಂತ್ರ ಎಂಬುದು ನಿಜಾಮನ ನಿಲುವು. ಜೂನ್ ತಿಂಗಳಲ್ಲೇ ಅವನು ಹಾಗೆಂದು ಫರ್ಮಾನು ಹೊರಡಿಸಿದ್ದ. ಕಾನೂನಿನ ಅಕ್ಷರ ಹಿಡಿದು ನೋಡಿದರೆ ಇದು ಸುಲಭಕ್ಕೆ ತಳ್ಳಿಹಾಕುವ ವಾದವಲ್ಲ. ಆದರೆ ಬ್ರಿಟನ್ನಿನ ಸಮಾನ ಮಿತ್ರ ತಾನೆಂದು ಇದೇ ನಿಜಾಮ ಹೇಳಿಕೊಂಡಾಗ, ವೈಸರಾಯ್ ಲಾರ್ಡ್ ರೀಡಿಂಗ್ 1926ರ ಪತ್ರದಲ್ಲಿ ಅದನ್ನು ಕಟುವಾಗಿ ನಿರಾಕರಿಸಿದ್ದ. 1947ರ ಜುಲೈಯಲ್ಲಿ ಬ್ರಿಟಿಷ್ ಸಂಸತ್ತಿನಲ್ಲೂ, ಯಾವ ಸಂಸ್ಥಾನಕ್ಕೂ ಪ್ರತ್ಯೇಕ ರಾಷ್ಟ್ರವೆಂಬ ಮನ್ನಣೆ ಕೊಡುವ ಉದ್ದೇಶವಿಲ್ಲವೆಂದು ಸರ್ಕಾರ ತಿಳಿಸಿತು.

1947ರ ನವೆಂಬರ್ 29ರಂದು ಒಂದು ವರ್ಷದ ಯಥಾಸ್ಥಿತಿ ಒಪ್ಪಂದ ಆಯಿತು. ರಕ್ಷಣೆ, ವಿದೇಶಾಂಗ, ಸಂಪರ್ಕ ಹಿಂದಿನಂತೆಯೇ ನಡೆಯಬೇಕೆಂಬುದು ಅದರ ತಿರುಳು. ಎರಡೂ ಕಡೆ ಅದು ಕಾಲಾವಕಾಶದ ಕಾಗದವಷ್ಟೇ ಆಗಿತ್ತು. ಹೈದರಾಬಾದ್ ಪಾಕಿಸ್ತಾನಕ್ಕೆ 20 ಕೋಟಿ ರೂಪಾಯಿ ಸಾಲ ಕೊಟ್ಟಿತು, ಭಾರತ ಸಾಮಾನು ಸರಂಜಾಮಿನ ಸಾಗಣೆಯನ್ನು ಬಿಗಿಮಾಡಿತು. ಜನಮತಗಣನೆಯ ಮಾತು ನಡುವೆ ಬಂದರೂ ಅದು ನಡೆಯಲಿಲ್ಲ. ಜೂನ್ 1948ರಲ್ಲಿ, ಮೌಂಟ್‌ಬ್ಯಾಟನ್ ಭಾರತ ಬಿಡುವ ಹೊತ್ತಿಗೆ, ಮಾತುಕತೆ ಮುರಿದುಬಿತ್ತು. ರಾಜ್ಯದೊಳಗೆ ಖಾಸಿಂ ರಜ್ವಿಯ ಸಶಸ್ತ್ರ ಪಡೆಯಾದ ರಜಾಕಾರರ ಹಾವಳಿ ಹೆಚ್ಚಿತ್ತು. ಸ್ವಾಮಿ ರಮಾನಂದ ತೀರ್ಥರ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ ಭಾರತ ಸೇರುವ ಚಳವಳಿ ನಡೆಸಿತ್ತು, ಗಡಿಯಾಚೆ ಮುಂಡರಗಿ, ಗಜೇಂದ್ರಗಡದಂಥ ಊರುಗಳಲ್ಲಿ ಹೋರಾಟಗಾರರ ಶಿಬಿರಗಳಿದ್ದವು.

ಭದ್ರತಾ ಮಂಡಳಿಯಲ್ಲಿ: 1948ರ ಆಗಸ್ಟ್ 21ರಂದು ಹೈದರಾಬಾದ್ ಮಂಡಳಿಗೆ ದೂರು ಕೊಟ್ಟಿತು. ಸನ್ನದಿನ ಪ್ರಕಾರ ವಿಶ್ವಸಂಸ್ಥೆಯ ಸದಸ್ಯವಲ್ಲದ ರಾಷ್ಟ್ರವೂ ದೂರು ಕೊಡಬಹುದು, ಆದರೆ ಅದು ರಾಷ್ಟ್ರವಾಗಿರಬೇಕು. ಹೀಗಾಗಿ ದೂರನ್ನು ಕೈಗೆತ್ತಿಕೊಳ್ಳುವುದೇ ಅರ್ಧ ಮನ್ನಣೆಯಾಗುವ ಅಪಾಯವಿತ್ತು. ಸೆಪ್ಟೆಂಬರ್ 13ರಂದು ಭಾರತದ ಸೇನೆ ಹೈದರಾಬಾದಿಗೆ ನುಗ್ಗಿತು. ಪ್ಯಾರಿಸ್ಸಿನಲ್ಲಿ ಸೇರಿದ್ದ ಮಂಡಳಿ 16ರಂದು ವಿಷಯವನ್ನು ಕಾರ್ಯಸೂಚಿಗೆ ಸೇರಿಸಿಕೊಂಡಿತು. ಎಂಟು ಮತ ಪರ, ವಿರೋಧ ಯಾವುದೂ ಇಲ್ಲ, ಮೂರು ತಟಸ್ಥ. ಅರ್ಹತೆಯ ಪ್ರಶ್ನೆಯನ್ನು ಮಾತ್ರ ಇತ್ಯರ್ಥ ಮಾಡದೆ ಬಿಟ್ಟಿತು. ಹೈದರಾಬಾದ್ ಪರವಾಗಿ ಮೊಯಿನ್ ನವಾಜ್ ಜಂಗ್ ಮಾತಾಡಿದ. ಭಾರತದ ಪರ ನಿಂತವರು ಮೈಸೂರಿನ ದಿವಾನರಾಗಿದ್ದ ಆರ್ಕಾಟ್ ರಾಮಸ್ವಾಮಿ ಮುದಲಿಯಾರ್. ಹೈದರಾಬಾದ್ ಎಂದೂ ರಾಷ್ಟ್ರವಾಗಿರಲಿಲ್ಲ, ಇದು ಭಾರತದ ಆಂತರಿಕ ವಿಷಯ ಎಂದು ಅವರು ವಾದಿಸಿದರು. 17ರಂದು ನಿಜಾಮ ಕದನವಿರಾಮ ಘೋಷಿಸಿದ, 22ರಂದು ದೂರು ಹಿಂತೆಗೆದುಕೊಳ್ಳುವ ತಂತಿ ಕಳಿಸಿದ. ಸೇನೆಯ ಹಿಡಿತದಲ್ಲಿರುವ ದೊರೆಯ ತಂತಿಗೆ ಎಷ್ಟು ಬೆಲೆ ಎಂಬ ಚರ್ಚೆ ನಡೆಯಿತು. 1949ರ ಮೇ ತಿಂಗಳ ಸಭೆಗಳ ನಂತರ ಮಂಡಳಿ ಇದನ್ನು ಮತ್ತೆ ಚರ್ಚಿಸಲಿಲ್ಲ.

ಪ್ಯಾಲೆಸ್ತೀನಿನೊಡನೆ ಹೋಲಿಕೆ: ಅದೇ ವಾರಗಳಲ್ಲಿ ಮಂಡಳಿಯ ಮುಂದೆ ಪ್ಯಾಲೆಸ್ತೀನಿನ ಪ್ರಶ್ನೆಯೂ ಇತ್ತು. ಇಸ್ರೇಲ್ 1948ರ ಮೇ 14ರಂದು ನೆರೆಯವರೊಡನೆ ಯಾವ ಒಪ್ಪಂದವೂ ಇಲ್ಲದೆ ತನ್ನನ್ನು ಘೋಷಿಸಿಕೊಂಡಿತ್ತು. ನಿಜಾಮ ಕದನವಿರಾಮ ಸಾರಿದ ದಿನವೇ ಜೆರುಸಲೇಮಿನಲ್ಲಿ ವಿಶ್ವಸಂಸ್ಥೆಯ ಸಂಧಾನಕಾರ ಕೌಂಟ್ ಬರ್ನಡೋಟ್ ಕೊಲೆಯಾದ. ನಿಜಾಮನ ತಂತಿ ಹೋದ ದಿನ ಗಾಜಾದಲ್ಲಿ ಅಖಿಲ ಪ್ಯಾಲೆಸ್ತೀನ್ ಸರ್ಕಾರದ ಘೋಷಣೆಯಾಯಿತು. ಅದಕ್ಕೆ ಹೆಚ್ಚಿನ ಅರಬ್ ದೇಶಗಳ ಮನ್ನಣೆ ಸಿಕ್ಕರೂ ನೆಲದ ಮೇಲೆ ಅಧಿಕಾರ ಇರಲಿಲ್ಲ.

1988ರ ನವೆಂಬರ್ 15ರಂದು ಯಾಸರ್ ಅರಾಫತ್ ಅಲ್ಜೀರ್ಸ್‌ನಲ್ಲಿ ಪ್ಯಾಲೆಸ್ತೀನ್ ರಾಷ್ಟ್ರವನ್ನು ಘೋಷಿಸಿದ. ಮೂರೇ ದಿನಗಳಲ್ಲಿ ಭಾರತ ಮನ್ನಣೆ ಕೊಟ್ಟಿತು. 2012ರಲ್ಲಿ ವಿಶ್ವಸಂಸ್ಥೆಯ ಮಹಾಸಭೆ 138 ಮತಗಳಿಂದ ಅದಕ್ಕೆ ಸದಸ್ಯೇತರ ವೀಕ್ಷಕ ರಾಷ್ಟ್ರದ ಸ್ಥಾನ ನೀಡಿತು. 2025ರ ಸೆಪ್ಟೆಂಬರಿನಲ್ಲಿ ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ಫ್ರಾನ್ಸ್ ಕೂಡ ಒಪ್ಪಿದವು. ಗಡಿ, ಜೆರುಸಲೇಮ್, ನಿರಾಶ್ರಿತರ ವಿಷಯ ಬಗೆಹರಿಯದೆ ಮನ್ನಣೆ ಕೊಟ್ಟರೆ ಸಂಧಾನಕ್ಕೆ ಕಾರಣವೇ ಉಳಿಯದು ಎಂಬುದು ವಿರೋಧಿಗಳ ಮಾತು. 1993ರ ಓಸ್ಲೋ ಒಪ್ಪಂದದ ನಂತರವೂ ನೆಲೆಗೆ ಬಾರದ ಸಂಧಾನವನ್ನು ಕಾಯುತ್ತ ಕೂತರೆ ಒಂದು ಪಕ್ಷದ ಕೈಗೆ ಶಾಶ್ವತ ತಡೆಯಾಜ್ಞೆ ಕೊಟ್ಟಂತೆ ಎಂಬುದು ಬೆಂಬಲಿಗರ ಉತ್ತರ.

1933ರ ಮಾಂಟೆವಿಡಿಯೊ ಒಡಂಬಡಿಕೆ ರಾಷ್ಟ್ರಕ್ಕೆ ಹೇಳುವ ಲಕ್ಷಣ ನಾಲ್ಕು: ಸ್ಥಿರ ಜನಸಂಖ್ಯೆ, ನಿಶ್ಚಿತ ನೆಲ, ಸರ್ಕಾರ, ಇತರ ರಾಷ್ಟ್ರಗಳೊಡನೆ ವ್ಯವಹರಿಸುವ ಶಕ್ತಿ. ಹೈದರಾಬಾದಿಗೆ ಸ್ವಂತ ಸೈನ್ಯ, ನಾಣ್ಯ, ಅಂಚೆ, ರೈಲು ಎಲ್ಲ ಇದ್ದವು, ಮನ್ನಣೆ ಮಾತ್ರ ಇರಲಿಲ್ಲ. ಬಹುಪಾಲು ಪ್ರಜೆಗಳ ಸಮ್ಮತಿಯನ್ನು ಅದು ಕೇಳಿಯೂ ಇರಲಿಲ್ಲ. ಪ್ಯಾಲೆಸ್ತೀನಿನ ಸ್ಥಿತಿ ತಿರುವುಮುರುವು: 150ಕ್ಕೂ ಹೆಚ್ಚು ದೇಶಗಳ ಮನ್ನಣೆಯಿದೆ, ರಾಷ್ಟ್ರ ಬೇಕೆನ್ನುವ ಜನರಿದ್ದಾರೆ, ನೆಲದ ಹಿಡಿತವಿಲ್ಲ. ಆದಕಾರಣ ಹೈದರಾಬಾದಿನ ಸೋಲನ್ನು ಪ್ಯಾಲೆಸ್ತೀನಿನ ವಿರುದ್ಧ ಸಾಕ್ಷಿಯಾಗಿ ನಿಲ್ಲಿಸುವುದು ಸರಿಯಾಗದು.

ನಂತರ: ಮೇಜರ್ ಜನರಲ್ ಜೆ. ಎನ್. ಚೌಧುರಿ ಸೈನಿಕ ಗವರ್ನರ್ ಆದರು. 1950ರಲ್ಲಿ ನಿಜಾಮನೇ ರಾಜಪ್ರಮುಖ, ಅಂದರೆ ರಾಜ್ಯದ ವಿಧ್ಯುಕ್ತ ಮುಖ್ಯಸ್ಥನಾದ. 1956ರ ನವೆಂಬರ್ 1ರಂದು ಗುಲಬರ್ಗಾ, ರಾಯಚೂರು, ಬೀದರ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು. ಯಾದಗಿರಿ 2009ರ ಕೊನೆಯಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು. ಸೆಪ್ಟೆಂಬರ್ 17ನ್ನು ಈ ಭಾಗ ವಿಮೋಚನಾ ದಿನವೆಂದು ಆಚರಿಸುತ್ತದೆ. ಹಳಬರು ಆ ದಿನಗಳಿಗೆ ಇಟ್ಟ ಹೆಸರು ಬರೀ 'ಪೊಲೀಸ್ ಆ್ಯಕ್ಷನ್'. ಅದರ ಇನ್ನೊಂದು ಮುಖವೂ ದಾಖಲಾಗಿದೆ: ನೆಹರೂ ಸರ್ಕಾರ ಕಳಿಸಿದ ಪಂಡಿತ್ ಸುಂದರಲಾಲ್ ತಂಡ, ಕಾರ್ಯಾಚರಣೆಯ ವೇಳೆ ಮತ್ತು ಅನಂತರ ರಾಜ್ಯದಲ್ಲಿ 27,000ದಿಂದ 40,000 ಜನ ಸತ್ತಿರಬಹುದೆಂದು ಅಂದಾಜಿಸಿತು. ಸತ್ತವರಲ್ಲಿ ಹೆಚ್ಚಿನವರು ಮುಸ್ಲಿಮರು. ಅತಿ ಹೆಚ್ಚು ಹಾನಿಗೊಳಗಾದ ನಾಲ್ಕು ಜಿಲ್ಲೆಗಳಲ್ಲಿ ಗುಲಬರ್ಗಾ ಒಂದು. ಆ ವರದಿ 2013ರವರೆಗೂ ಸಾರ್ವಜನಿಕರಿಗೆ ಸಿಗಲಿಲ್ಲ.